ತೀರ್ಮಾನವನ್ನು ಇತರರ ಕೈಗೆ ಒಪ್ಪಿಸುವುದು ಹೇಗೆ?

ತಂಡವೊಂದರ ಹೊಣೆ ಹೊತ್ತವರು ಇತರರನ್ನು ಬೆಳೆಸಲು ಹೊರಡುವ ಮುನ್ನ ಒಂದು ಸಣ್ಣ ಲೆಕ್ಕ ಬರೆದಿಡುವುದು ಒಳ್ಳೆಯದು. ಒಂದು ವಾರದ ಮಟ್ಟಿಗೆ, ಜೊತೆಯಲ್ಲಿ ಕೆಲಸ ಮಾಡುವವರು ನಿಮ್ಮ ಬಳಿ ತರುವ ಪ್ರತಿಯೊಂದು ಪ್ರಶ್ನೆಯನ್ನೂ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳಿ. ಯಾರು ಕೇಳಿದರು, ಏನು ಕೇಳಿದರು, ನೀವೇನು ಹೇಳಿದಿರಿ ಎಂಬಷ್ಟೇ ಸಾಕು. ವಾರ ಕಳೆದು ಓದಿದಾಗ, ಅನೇಕ ಪ್ರಶ್ನೆಗಳಿಗೆ ಉತ್ತರ ಕೇಳಿದವರಿಗೇ ತಿಳಿದಿತ್ತೆಂಬುದೂ ಅವರಿಗೆ ಬೇಕಾಗಿದ್ದುದು ನಿಮ್ಮ ‘ಹೂಂ’ ಮಾತ್ರವೆಂಬುದೂ ಕಣ್ಣಿಗೆ ಬೀಳುತ್ತದೆ. ಆ ‘ಹೂಂ’ ಎನ್ನುವ ಅಧಿಕಾರವನ್ನು ಒಂದೊಂದಾಗಿ ಬಿಟ್ಟುಕೊಡಬೇಕು.

ಕೆಲಸ ಹಂಚುವುದು ಎಲ್ಲರಿಗೂ ಬರುತ್ತದೆ. ತೀರ್ಮಾನ ಹಂಚಲು ಕೈ ಬರುವುದಿಲ್ಲ. ಪಟ್ಟಿಯಿಂದ ಒಂದು ವಿಷಯವನ್ನು ಆರಿಸಿ, ಅದನ್ನು ತುಂಡು ಮಾಡದೆ, ಆರಂಭದಿಂದ ಮುಕ್ತಾಯದವರೆಗೆ ಒಬ್ಬರಿಗೇ ವಹಿಸಿ. ವಹಿಸುವ ದಿನವೇ ಗಡಿಗಳನ್ನು ಸ್ಪಷ್ಟಪಡಿಸಿ: ಯಾವುದನ್ನು ಅವರು ಯಾರನ್ನೂ ಕೇಳದೆ ನಿರ್ಧರಿಸಬಹುದು, ಯಾವುದನ್ನು ನಿರ್ಧರಿಸಿ ನಿಮಗೆ ತಿಳಿಸಿದರೆ ಸಾಕು, ಯಾವುದಕ್ಕೆ ಮೊದಲೇ ನಿಮ್ಮೊಡನೆ ಮಾತನಾಡಬೇಕು. ಈ ಮೂರನ್ನು ಬಾಯಿಮಾತಿನಲ್ಲಿ ಬಿಡದೆ ಬರೆದು ಕೊಡಿ. ‘ನಿಮಗೆ ಪೂರ್ಣ ಸ್ವಾತಂತ್ರ್ಯವಿದೆ’ ಎಂಬ ಉದಾರವಾದ ಮಾತು ಎದುರಿನವರನ್ನು ಹೆದರಿಸುತ್ತದೆಯೇ ಹೊರತು ಬೆಳೆಸುವುದಿಲ್ಲ, ಏಕೆಂದರೆ ಗಡಿ ಎಲ್ಲಿದೆಯೆಂದು ತಿಳಿಯದವರು ಪ್ರತಿ ಹೆಜ್ಜೆಗೂ ಹಿಂತಿರುಗಿ ನೋಡುತ್ತಾರೆ.

ಯಾವ ಕೆಲಸ ಕೊಡಬೇಕೆಂಬುದಕ್ಕೆ ವಿಜ್ಞಾನದ ಚರಿತ್ರೆಯ ಒಂದು ಪ್ರಸಂಗ ನನಗೆ ಅಚ್ಚುಮೆಚ್ಚು. 1909ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನಿ ಅರ್ನೆಸ್ಟ್ ರುದರ್‌ಫೋರ್ಡ್ ಅವರ ಕೈಕೆಳಗೆ ಅರ್ನೆಸ್ಟ್ ಮಾರ್ಸ್‌ಡನ್ ಎಂಬ ಇಪ್ಪತ್ತು ವರ್ಷದ ವಿದ್ಯಾರ್ಥಿಯಿದ್ದ. ಅವನಿಗೂ ಸ್ವಂತದ್ದೊಂದು ಸಂಶೋಧನೆ ಕೊಡಬಹುದೆಂದು ರುದರ್‌ಫೋರ್ಡ್ ಅವರ ಸಹಾಯಕ ಹ್ಯಾನ್ಸ್ ಗೈಗರ್ ಸೂಚಿಸಿದಾಗ, ಲೋಹದ ತೆಳು ಹಾಳೆಗೆ ಬಡಿದ ಆಲ್ಫಾ ಕಣಗಳಲ್ಲಿ (ವಿಕಿರಣಶೀಲ ವಸ್ತುಗಳಿಂದ ಹೊಮ್ಮುವ ಅತಿ ಸಣ್ಣ ಕಣಗಳಲ್ಲಿ) ಯಾವುದಾದರೂ ದೊಡ್ಡ ಕೋನದಲ್ಲಿ ಹೊರಳುತ್ತದೆಯೇ ಎಂದು ನೋಡಲು ರುದರ್‌ಫೋರ್ಡ್ ಹೇಳಿದರು. ಏನೂ ಕಾಣಲಾರದೆಂದೇ ಅವರ ಎಣಿಕೆಯಾಗಿತ್ತು. ಆದರೆ ಕೆಲವು ಕಣಗಳು ಬಂದ ದಿಕ್ಕಿಗೇ ಮರಳಿದವು, ಮತ್ತು 1911ರಲ್ಲಿ ಪರಮಾಣುವಿನ ನಡುವೆ ಬೀಜವೊಂದಿದೆ (ನ್ಯೂಕ್ಲಿಯಸ್) ಎಂಬ ನಿರ್ಣಯಕ್ಕೆ ಅದು ದಾರಿಯಾಯಿತು. ಹುಡುಗನಿಗೆ ಕೊಟ್ಟದ್ದು ಉತ್ತರ ಮೊದಲೇ ಗೊತ್ತಿರುವ ಅಭ್ಯಾಸದ ಲೆಕ್ಕವಾಗಿರಲಿಲ್ಲ, ನಿಜವಾದ ಪ್ರಶ್ನೆಯಾಗಿತ್ತು; ಅಳತೆ ತಪ್ಪಿದರೆ ತಿದ್ದಲು ಪಕ್ಕದಲ್ಲಿ ಪಳಗಿದ ಗೈಗರ್ ಇದ್ದರು. ನೀವು ಒಪ್ಪಿಸುವ ಕೆಲಸದಲ್ಲೂ ಈ ಎರಡು ಗುಣಗಳಿವೆಯೇ ಎಂದು ನೋಡಿಕೊಳ್ಳಿ.

ಒಪ್ಪಿಸಿದ ಮೇಲೆ ಕೈ ಹಿಂದಕ್ಕೆ ಎಳೆದುಕೊಳ್ಳುವುದು ಇನ್ನೂ ಕಷ್ಟ. ಹಿಂದೊಮ್ಮೆ ನಾನು ಕಿರಿಯ ಸಹೋದ್ಯೋಗಿಯೊಬ್ಬರಿಗೆ ವಾರ್ಷಿಕ ವರದಿಯನ್ನು ವಹಿಸಿ, ಸಲ್ಲಿಸುವ ಹಿಂದಿನ ರಾತ್ರಿ ಅವರಿಗೆ ತಿಳಿಸದೆ ಅರ್ಧದಷ್ಟನ್ನು ತಿದ್ದಿ ಬರೆದೆ. ವರದಿ ಚೆನ್ನಾಯಿತೆಂದು ನನಗೆ ಸಮಾಧಾನವೂ ಆಯಿತು. ಮರುವರ್ಷ ಅವರು ಅರೆಬರೆ ಕರಡನ್ನು ನನ್ನ ಮೇಜಿನ ಮೇಲಿಟ್ಟು, ‘ಹೇಗೂ ನೀವು ತಿದ್ದುತ್ತೀರಲ್ಲ, ಸರ್’ ಎಂದರು. ಆ ಮಾತಿನಲ್ಲಿ ಕೊಂಕಿರಲಿಲ್ಲ. ನಾನು ಕಲಿಸಿದ್ದನ್ನೇ ಅವರು ಕಲಿತಿದ್ದರು. ಅಂದಿನಿಂದ, ತಪ್ಪು ಕಂಡರೆ ಅಂಚಿನಲ್ಲಿ ಪ್ರಶ್ನೆ ಬರೆದು ಮರಳಿಸುತ್ತೇನೆ, ತಿದ್ದುವುದಿಲ್ಲ. ಇದಕ್ಕೆ ಸಮಯ ಹಿಡಿಯುತ್ತದೆ, ಆದ್ದರಿಂದ ಗಡುವಿಗೆ ನಾಲ್ಕೈದು ದಿನ ಮೊದಲೇ ಕರಡು ನೋಡುವ ದಿನವನ್ನು ಇಬ್ಬರೂ ಕೂಡಿ ಗೊತ್ತುಪಡಿಸಿಕೊಳ್ಳಬೇಕು.

ನಡುವೆ ಅವರು ‘ಸರ್, ಏನು ಮಾಡಲಿ?’ ಎಂದು ಬಂದೇ ಬರುತ್ತಾರೆ. ‘ನಿಮಗೇನು ತೋಚುತ್ತದೆ?’ ಎಂದು ಕೇಳಿ ಸುಮ್ಮನಿರಿ. ಮೊದಲ ಕೆಲವು ಕ್ಷಣಗಳ ಮೌನ ಇಬ್ಬರಿಗೂ ಇರುಸುಮುರುಸು. ಅದನ್ನು ತುಂಬಲು ನೀವು ಬಾಯಿ ತೆರೆದರೆ ತೀರ್ಮಾನ ಮತ್ತೆ ನಿಮ್ಮ ಹೆಗಲೇರುತ್ತದೆ. ಅವರು ಹೇಳಿದ ದಾರಿ ನಿಮ್ಮದಕ್ಕಿಂತ ಸ್ವಲ್ಪ ಸುತ್ತುಬಳಸಿನದಾದರೂ ಗುರಿ ಮುಟ್ಟುವಂತಿದ್ದರೆ ಹಾಗೆಯೇ ಬಿಡಿ. ದೊಡ್ಡ ನಷ್ಟವಾಗುವ ಸಂದರ್ಭದಲ್ಲಿ ಮಾತ್ರ ತಡೆಯಿರಿ, ಕಾರಣವನ್ನೂ ಹೇಳಿ.

ಕೆಲಸ ಮುಗಿದ ಬಳಿಕ ಅರ್ಧ ಗಂಟೆ ಕುಳಿತು ನಾಲ್ಕು ಪ್ರಶ್ನೆ ಕೇಳಿಕೊಳ್ಳಿ: ಏನಾಗಬೇಕಿತ್ತು, ಏನಾಯಿತು, ವ್ಯತ್ಯಾಸ ಏಕೆ ಬಂತು, ಮುಂದಿನ ಸಲ ಏನು ಬದಲಿಸೋಣ. ಅಮೆರಿಕದ ಸೈನ್ಯ 1970ರ ದಶಕದಿಂದ ತರಬೇತಿಯಲ್ಲಿ ಬಳಸುತ್ತಿರುವ ಕ್ರಮವಿದು. ಕಿರಿಯರು ಮೊದಲು ಮಾತನಾಡಲಿ, ನಿಮ್ಮ ಸರದಿ ಕೊನೆಗೆ ಬರಲಿ. ಹಿರಿಯರು ಬಾಯಿ ಬಿಟ್ಟ ಮೇಲೆ ಉಳಿದವರು ತಲೆಯಾಡಿಸುವುದೇ ಹೆಚ್ಚು. ಕೆಲಸ ಕೆಟ್ಟಿದ್ದರೆ ಮೇಲಿನವರ ಮುಂದೆ ಹೊಣೆ ನಿಮ್ಮದಾಗಲಿ, ಚೆನ್ನಾಗಿದ್ದರೆ ಅದನ್ನು ಮಂಡಿಸುವವರು ಅವರಾಗಲಿ.

ಬೆಳೆದವರು ಮತ್ತೊಬ್ಬರನ್ನು ಬೆಳೆಸದಿದ್ದರೆ ಈ ಶ್ರಮವೆಲ್ಲ ನಿಮ್ಮ ವರ್ಗಾವಣೆಯೊಂದಿಗೇ ಮುಗಿದುಹೋಗುತ್ತದೆ. ಆದ್ದರಿಂದ ಒಂದು ಜವಾಬ್ದಾರಿಯಲ್ಲಿ ಪಳಗಿದವರಿಗೆ ಹೊಸದನ್ನು ಕೊಡುವಾಗ, ಹಳೆಯದನ್ನು ಇನ್ನೊಬ್ಬರಿಗೆ ಕಲಿಸುವ ಕೆಲಸವನ್ನೂ ಸೇರಿಸಿ ಕೊಡಿ. ಮುಖ್ಯ ನಿರ್ಧಾರಗಳ ಹಿಂದಿನ ಕಾರಣಗಳನ್ನು ಬರೆದಿಡುವ ರೂಢಿಯನ್ನೂ ತಂಡದಲ್ಲಿ ಬೆಳೆಸಿ. ನಿಯಮವನ್ನಷ್ಟೇ ಬರೆದಿಟ್ಟರೆ, ಸಂದರ್ಭ ಬದಲಾದಾಗ ಅದನ್ನು ಬಿಡಬೇಕೋ ಉಳಿಸಬೇಕೋ ಎಂದು ಮುಂದೆ ಬಂದವರಿಗೆ ತಿಳಿಯುವುದಿಲ್ಲ.

ಆರು ತಿಂಗಳ ಬಳಿಕ ಎರಡು ವಾರ ರಜೆ ಹಾಕಿ, ಫೋನಿಗೂ ಸಿಗದಂತಿರಿ. ಮರಳಿ ಬಂದ ದಿನ ನಿಮಗಾಗಿ ಕಾದು ನಿಂತಿರುವ ವಿಷಯಗಳನ್ನು ಅದೇ ಹಳೆಯ ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡಿ. ಮುಂದೆ ಒಪ್ಪಿಸಬೇಕಾದ ತೀರ್ಮಾನಗಳು ಅವೇ.