ಮೊದಲು ನೋಡಿದ ಎಮ್ಮೆಯನ್ನೇ ಕೊಳ್ಳಬಹುದೇ?

ಮನೆಗೆ ಮೊದಲ ಎಮ್ಮೆ ತರಲು ಹೊರಟವರಿಗೆ ನಮ್ಮ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಹಿರಿಯರು ಎರಡು ಬಗೆಯ ಬುದ್ಧಿವಾದ ಹೇಳುತ್ತಾರೆ. ಮೊದಲು ಕಂಡದ್ದಕ್ಕೆ ಕೈಹಾಕಬೇಡ, ನಾಲ್ಕು ಕಡೆ ತಿರುಗಿ ನೋಡು ಎನ್ನುವವರು ಕೆಲವರಾದರೆ, ಮನಸ್ಸಿಗೆ ಬಂದದ್ದನ್ನು ಬಿಟ್ಟು ಬಂದರೆ ಮತ್ತೆ ಅಂಥದ್ದು ಸಿಗುವುದಿಲ್ಲ ಎನ್ನುವವರು ಇನ್ನು ಕೆಲವರು. ಎರಡರಲ್ಲೂ ಹುರುಳಿದೆ. ನನ್ನ ಅಭಿಪ್ರಾಯದಲ್ಲಿ, ನಿಮಗೆ ಎಂಥ ಎಮ್ಮೆ ಬೇಕೆಂಬ ಅಳತೆ ಮನೆ ಬಿಡುವ ಮೊದಲೇ ಸಿದ್ಧವಾಗಿದ್ದರೆ ಮೊದಲು ನೋಡಿದ್ದನ್ನೇ ನಿಶ್ಚಿಂತೆಯಿಂದ ಕೊಳ್ಳಬಹುದು. ಅಳತೆಯೇ ಇಲ್ಲದವರು ಹತ್ತು ಎಮ್ಮೆ ನೋಡಿದರೂ ಹನ್ನೊಂದನೆಯದನ್ನು ಮಾರುವವನ ಮಾತು ಕೇಳಿಯೇ ಕೊಳ್ಳುತ್ತಾರೆ.

ಆದ್ದರಿಂದ ಮೊದಲ ಕೆಲಸ ಒಂದು ಹಾಳೆಯ ಮೇಲೆ ಆಗಬೇಕು. ದಿನಕ್ಕೆ ಎಷ್ಟು ಲೀಟರ್ ಹಾಲು ಬೇಕು, ಅದು ಮನೆಯ ಬಳಕೆಗೋ ಡೇರಿಗೆ ಹಾಕುವುದಕ್ಕೋ, ಎರಡೂ ಹೊತ್ತು ಹಿಂಡುವವರು ಯಾರು, ಬೇಸಿಗೆಯಲ್ಲಿ ಮೈತೊಳೆಯಲು ನೀರುಂಟೇ, ಜೋಳದ ಕಣಿಕೆ ಹೊಲದ್ದೋ ಕೊಂಡದ್ದೋ ಎಂಬುದನ್ನೆಲ್ಲ ಬರೆದುಕೊಳ್ಳಿ. ಎಮ್ಮೆಗೆ ಬೆವರಿನ ಗ್ರಂಥಿಗಳು ಕಡಿಮೆ, ಕಪ್ಪು ಚರ್ಮ ಬಿಸಿಲನ್ನು ಹೀರಿಕೊಳ್ಳುತ್ತದೆ. ಗದಗ ಭಾಗದ ಏಪ್ರಿಲ್-ಮೇ ಬಿಸಿಲಿನಲ್ಲಿ ನೆರಳು, ನೀರು ಇಲ್ಲದ ಕೊಟ್ಟಿಗೆಗೆ ಎಂಥ ಒಳ್ಳೆಯ ಎಮ್ಮೆ ತಂದರೂ ಅದರ ಹಾಲು ಇಳಿಯುವುದು ಖಂಡಿತ. ಮೈ ಕಾಯಲು ಕೊಡುವ ಸುಮಾರು ಒಂದೂವರೆ ಕಿಲೋ ಅಲ್ಲದೆ, ಪ್ರತಿ ಎರಡು ಲೀಟರ್ ಹಾಲಿಗೆ ಒಂದು ಕಿಲೋದಂತೆ ಹಿಂಡಿ ಮತ್ತು ಪಶು ಆಹಾರ ಬೇಕಾಗುತ್ತದೆ ಎಂದು ಲೆಕ್ಕ ಹಾಕಿದರೆ, ಹತ್ತು ಲೀಟರಿನ ಎಮ್ಮೆಯನ್ನು ಸಾಕುವ ಖರ್ಚು ನಿಮಗೆ ಹೊರೆಯೇ ಅಲ್ಲವೇ ಎಂಬುದು ಆ ಹಾಳೆಯ ಮೇಲೆಯೇ ತಿಳಿಯುತ್ತದೆ.

ತಳಿಯ ವಿಚಾರವೂ ಇಲ್ಲಿಯೇ ತೀರ್ಮಾನವಾಗಬೇಕು. ಅರ್ಧಚಂದ್ರದಂತೆ ಹಿಂದಕ್ಕೆ ಬಾಗಿ ಹೆಗಲ ಹತ್ತಿರ ಬರುವ ಕೋಡುಗಳ ಧಾರವಾಡಿ ಎಮ್ಮೆಯನ್ನು ಧಾರವಾಡ ಕೃಷಿ ವಿಶ್ವವಿದ್ಯಾಲಯದ ಅಧ್ಯಯನದ ಆಧಾರದ ಮೇಲೆ 2021ರಲ್ಲಿ ಸ್ವತಂತ್ರ ತಳಿಯೆಂದು ನೋಂದಾಯಿಸಲಾಗಿದೆ. ಅದರ ಹಾಲು ದಿನಕ್ಕೆ ಸರಾಸರಿ ಮೂರು ಲೀಟರಿಗೆ ತುಸು ಹೆಚ್ಚು ಮಾತ್ರ, ಆದರೆ ಕೊಬ್ಬಿನ ಅಂಶ ಶೇಕಡಾ 7ರ ಆಸುಪಾಸಿನಲ್ಲಿರುತ್ತದೆ. ಒಣ ಮೇವು ತಿಂದು, ಮೇಯ್ದು ಬಂದು, ಈ ನೆಲದ ಬಿಸಿಲನ್ನು ತಾಳಿಕೊಳ್ಳುವುದು ಅದರ ದೊಡ್ಡ ಗುಣ. ಸುರುಳಿ ಸುತ್ತಿದ ಕೋಡಿನ ಮುರ್ರಾ ಅದರ ಎರಡರಷ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ಹಾಲು ಕೊಡುತ್ತದೆ, ಅದಕ್ಕೆ ತಕ್ಕಂತೆ ತಿನ್ನುತ್ತದೆ, ತಂಪನ್ನೂ ಬೇಡುತ್ತದೆ. ಮನೆಯ ಬಳಕೆಗೆ ಮೊದಲ ಎಮ್ಮೆ ತರುವವರಿಗೆ ನಾನು ಧಾರವಾಡಿಯನ್ನೇ ಹೇಳುತ್ತೇನೆ. ಡೇರಿಯ ಆದಾಯವನ್ನೇ ನಂಬುವವರು, ನೀರು ಮತ್ತು ಹಸಿರು ಮೇವಿನ ಅನುಕೂಲವಿದ್ದರೆ, ಮುರ್ರಾ ಅಥವಾ ಅದರ ಮಿಶ್ರತಳಿಯ ಕಡೆ ನೋಡಬಹುದು.

ಇನ್ನು, ಕೊಳ್ಳುವ ಉದ್ದೇಶವಿಲ್ಲದೆ ಒಂದು ಸಂತೆಗೆ ಹೋಗಿ ಬನ್ನಿ. ಹಾವೇರಿಯ ಗುರುವಾರದ ಜಾನುವಾರು ಸಂತೆಯಾಗಲಿ, ನಿಮಗೆ ಹತ್ತಿರದ ಮತ್ತಾವುದೇ ಸಂತೆಯಾಗಲಿ ಸರಿ; ಹಣ ಮಾತ್ರ ಮನೆಯಲ್ಲಿಯೇ ಇರಲಿ. ಬಾಯಿ ತೆರೆಸಿ ಹಲ್ಲು ನೋಡುವ ರೀತಿ, ಟವೆಲ್ಲಿನ ಕೆಳಗೆ ಬೆರಳು ಹಿಡಿದು ದಲಾಲರು ಮಾಡುವ ವ್ಯಾಪಾರ, ಮೊದಲು ಹೇಳಿದ ಬೆಲೆಗೂ ಕೊನೆಗೆ ಹಗ್ಗ ಕೈಬದಲಾಗುವ ಬೆಲೆಗೂ ಇರುವ ಅಂತರ, ಇವೆಲ್ಲ ಅಲ್ಲಿ ಅರ್ಧ ದಿನ ನಿಂತರೆ ಅರ್ಥವಾಗುತ್ತವೆ. ಅದಾದ ಮೇಲೆ ನೀವು ಒಬ್ಬರ ಕೊಟ್ಟಿಗೆಗೆ ಹೋಗಿ ನೋಡುವ ಮೊದಲ ಎಮ್ಮೆ, ಕಣ್ಣಿಗೆ ಬಿದ್ದ ಮೊದಲ ಎಮ್ಮೆಯಾಗಿ ಉಳಿದಿರುವುದಿಲ್ಲ. ಆದರೆ ಖರೀದಿಯನ್ನು ಸಂತೆಯಲ್ಲಿ ಮಾಡದೆ ಮನೆಯ ಕೊಟ್ಟಿಗೆಯಲ್ಲಿಯೇ ಮಾಡುವುದು ಹೊಸಬರಿಗೆ ಕ್ಷೇಮ, ಏಕೆಂದರೆ ಎಮ್ಮೆ ತಿನ್ನುವುದನ್ನೂ ಮಲಗುವುದನ್ನೂ ಹಾಲು ಇಳಿಸುವುದನ್ನೂ ಅಲ್ಲಿ ಮಾತ್ರ ನೋಡಲು ಸಾಧ್ಯ.

ಕೊಟ್ಟಿಗೆಗೆ ಹೋದಾಗ ಮೊದಲು ಸುಮ್ಮನೆ ನಿಂತು ನೋಡಿ. ಮೆಲುಕು ಹಾಕುತ್ತಿದೆಯೇ, ಮೂಗಿನ ತುದಿ ತೇವವಾಗಿದೆಯೇ, ಸಗಣಿ ಗಟ್ಟಿಯಾಗಿದೆಯೇ ಎಂಬುದನ್ನು ಗಮನಿಸಿ, ಆಮೇಲೆ ಬಿಚ್ಚಿಸಿ ಹತ್ತು ಹೆಜ್ಜೆ ನಡೆಸಿ. ವಯಸ್ಸಿಗೆ ಕೆಳದವಡೆಯ ಮುಂದಿನ ಎಂಟು ಹಲ್ಲು ನೋಡಬೇಕು. ಮೇಲ್ದವಡೆಯ ಮುಂಭಾಗದಲ್ಲಿ ಎಮ್ಮೆಗೆ ಹಲ್ಲೇ ಇರುವುದಿಲ್ಲ. ಎರಡೂವರೆಯಿಂದ ಮೂರು ವರ್ಷಕ್ಕೆ ನಡುವಿನ ಹಾಲುಹಲ್ಲು ಬಿದ್ದು ಮೊದಲ ಜೋಡಿ ದೊಡ್ಡ ಹಲ್ಲು ಬರುತ್ತವೆ, ಎಂಟೂ ಬಂದು ಬಾಯಿಗೂಡುವ ಹೊತ್ತಿಗೆ ಐದಾರು ವರ್ಷವಾಗಿರುತ್ತದೆ. ನಮ್ಮ ಎಮ್ಮೆಗಳು ಸಾಮಾನ್ಯವಾಗಿ ನಾಲ್ಕು ವರ್ಷದ ಆಸುಪಾಸಿನಲ್ಲಿ ಮೊದಲು ಈಯುವುದರಿಂದ, ಎಂಟೂ ಹಲ್ಲು ಸವೆದು ಮೊಂಡಾಗಿರುವ ಎಮ್ಮೆಯನ್ನು ತೋರಿಸಿ ಎರಡನೆಯ ಸೂಲು (ಎರಡನೆಯ ಸಲ ಈದದ್ದು) ಎಂದರೆ ಆ ಮಾತನ್ನು ನಂಬಬೇಕಾಗಿಲ್ಲ. ಮೊದಲ ಬಾರಿಗೆ ಎಮ್ಮೆ ಕಟ್ಟುವವರು ಎರಡನೆಯ ಅಥವಾ ಮೂರನೆಯ ಸೂಲಿನ, ಈದು ಒಂದು ತಿಂಗಳ ಒಳಗಿರುವ ಎಮ್ಮೆಯನ್ನು ಹುಡುಕುವುದು ಒಳ್ಳೆಯದು. ಮೊದಲ ಸೂಲಿನದಕ್ಕೆ ಹಿಂಡಿಸಿಕೊಳ್ಳುವ ರೂಢಿಯಾಗಿರುವುದಿಲ್ಲ, ನಿಮಗೂ ಹಿಂಡುವ ರೂಢಿ ಇರುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಹಿಂಡಿ ನೋಡುವುದು, ಮತ್ತು ಹೆಚ್ಚಿನವರು ಸೋಲುವುದೂ ಇಲ್ಲಿಯೇ. ಗಿರಾಕಿ ಬರುವ ಹಿಂದಿನ ಹೊತ್ತು ಅರ್ಧಕ್ಕೇ ಹಿಂಡಿ ಬಿಟ್ಟರೆ ಮರುದಿನ ಬೆಳಗ್ಗೆ ಕೆಚ್ಚಲು ಬಿಗಿದು ನಿಲ್ಲುತ್ತದೆ, ಐದು ಲೀಟರಿನ ಎಮ್ಮೆ ಏಳು ಲೀಟರ್ ಕೊಟ್ಟಂತೆ ಕಾಣುತ್ತದೆ. ಆದ್ದರಿಂದ ಒಂದು ಸಂಜೆ ಹೋಗಿ ನಿಮ್ಮೆದುರಿಗೇ ಪೂರ್ತಿ ಹಿಂಡಿಸಿ, ಆ ಹಾಲನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮರುದಿನ ಬೆಳಗಿನ ಮತ್ತು ಸಂಜೆಯ ಎರಡು ಹೊತ್ತಿನ ಹಾಲನ್ನು, ನೊರೆ ಇಳಿದ ಮೇಲೆ, ಅಳೆಯಿರಿ; ತೂಕ ಮಾಡಿದರೆ ಇನ್ನೂ ಉತ್ತಮ, ಒಂದು ಲೀಟರ್ ಹಾಲು ಒಂದು ಕಿಲೋಗಿಂತ ಸ್ವಲ್ಪವೇ ಹೆಚ್ಚು ತೂಗುತ್ತದೆ. ಸಂಜೆ ನಾಲ್ಕಕ್ಕೆ ಹಿಂಡಿ ಮರುದಿನ ಬೆಳಗ್ಗೆ ಆರಕ್ಕೆ ಹಿಂಡುವವರ ಮನೆಯಲ್ಲಿ ಬೆಳಗಿನ ಹಾಲು ಸಹಜವಾಗಿಯೇ ಹೆಚ್ಚಿರುತ್ತದೆ, ಹಾಗಾಗಿ ಒಂದು ಹೊತ್ತಿನದನ್ನು ಎರಡರಿಂದ ಗುಣಿಸುವುದು ತಪ್ಪು ಲೆಕ್ಕ. ದಿನಕ್ಕೆ ಒಂದೇ ಲೀಟರ್ ಕಡಿಮೆಯಾದರೂ ಒಂಬತ್ತು ತಿಂಗಳಲ್ಲಿ ಅದು 270 ಲೀಟರ್ ಆಗುತ್ತದೆ ಎಂಬುದನ್ನು ನೆನಪಿಡಿ.

ಹಿಂಡುವಾಗ ಹತ್ತಿರ ಕುಳಿತು ನೋಡಿದರೆ ಅಳತೆಗೆ ಸಿಗದ ಸಂಗತಿಗಳೂ ತಿಳಿಯುತ್ತವೆ. ಕರುವನ್ನು ಬಿಟ್ಟ ಒಡನೆ ಎಮ್ಮೆ ಅದನ್ನು ಮೂಸಿ, ನೆಕ್ಕಿ, ನಿಂತುಕೊಳ್ಳುತ್ತದೆ. ಬೇರೆಯದರ ಕರುವಾದರೆ ತಲೆ ಬೀಸಿ ದೂಡುತ್ತದೆ. ಈದು ಹತ್ತು ದಿನವಾಯಿತು ಎಂದು ಹೇಳಿದ ಎಮ್ಮೆಯ ಕರುವಿಗೆ ಹೊಕ್ಕುಳು ಪೂರ್ತಿ ಮಾಗಿದ್ದರೆ ಮತ್ತೊಮ್ಮೆ ಕೇಳಬೇಕು. ನಾಲ್ಕೂ ಮೊಲೆಗಳ ಮೊದಲ ಧಾರೆಯನ್ನು ಒಂದು ಕಪ್ಪು ಬಟ್ಟೆಯ ಮೇಲೆ ಹಿಂಡಿಸಿದರೆ, ಕೆಚ್ಚಲು ಬಾವು ಇದ್ದಲ್ಲಿ ಹಾಲಿನಲ್ಲಿ ಸಣ್ಣ ಗಡ್ಡೆಗಳು ಅಥವಾ ನೀರಿನಂಥ ತೆಳುವು ಕಾಣಿಸುತ್ತದೆ. ಹಿಂಡಿ ಮುಗಿದ ಮೇಲೆ ಒಳ್ಳೆಯ ಕೆಚ್ಚಲು ಖಾಲಿ ಚೀಲದಂತೆ ಮೆತ್ತಗೆ ಮಡಿಕೆಗಟ್ಟುತ್ತದೆ. ಹಾಲು ಬರಿದಾದ ಮೇಲೂ ದಪ್ಪಗೆ, ಗಟ್ಟಿಯಾಗಿ ಉಳಿದಿದ್ದರೆ, ಅಥವಾ ಒಂದು ಭಾಗ ಮಾತ್ರ ಬಿಸಿಯಾಗಿದ್ದರೆ, ನೀವು ನೋಡಿದ ಗಾತ್ರ ಹಾಲಿನದ್ದಾಗಿರಲಿಲ್ಲ. ಮಾಲೀಕರು ಹಿಂಡುವ ಮುಂಚೆ ಸೂಜಿ ಚುಚ್ಚುವುದು ಕಂಡುಬಂದರೆ ಅಲ್ಲಿಗೆ ವ್ಯಾಪಾರ ನಿಲ್ಲಿಸಿ: ಹಾಲು ಇಳಿಸುವ ಹಾರ್ಮೋನಾದ ಆಕ್ಸಿಟೋಸಿನ್ ಚುಚ್ಚಿಸಿಕೊಂಡು ರೂಢಿಯಾದ ಎಮ್ಮೆ ನಿಮ್ಮ ಮನೆಗೆ ಬಂದ ಮೇಲೆ ಬರೀ ಕರುವಿಗೆ, ಕೈಗೆ ಹಾಲು ಇಳಿಸಲು ಒಪ್ಪುವುದಿಲ್ಲ.

ಹಾಲು ಸರಿಯಾಗಿದೆ ಎಂದಾದರೆ ಪಶುವೈದ್ಯರನ್ನು ಕರೆಸಿ. ಅವರ ಶುಲ್ಕ ಎಮ್ಮೆಯ ಬೆಲೆಯ ಮುಂದೆ ಏನೂ ಅಲ್ಲ. ಗಬ್ಬವೆಂದು ಹೇಳಿದ್ದನ್ನು ಎರಡು-ಮೂರು ತಿಂಗಳಾಗಿದ್ದರೆ ಅವರು ಕೈಯಿಂದಲೇ ಪರೀಕ್ಷಿಸಿ ಖಚಿತಪಡಿಸುತ್ತಾರೆ; ಎಮ್ಮೆ ಗಬ್ಬ ಹೊರುವುದು ಸುಮಾರು ಹತ್ತು ತಿಂಗಳು ಹತ್ತು ದಿನ, ಆ ಲೆಕ್ಕದಲ್ಲಿ ಈಯುವ ದಿನವನ್ನೂ ತಾಳೆ ನೋಡಬಹುದು. ಕಂದು ರೋಗಕ್ಕೆ (ಬ್ರುಸೆಲ್ಲೋಸಿಸ್) ರಕ್ತ ಪರೀಕ್ಷೆ ಮಾಡಿಸಲು ಮರೆಯಬೇಡಿ, ಏಕೆಂದರೆ ಆ ರೋಗ ಕೊನೆಯ ತಿಂಗಳುಗಳಲ್ಲಿ ಗಬ್ಬ ಕೆಡಿಸುವುದಲ್ಲದೆ ಕಾಯಿಸದ ಹಾಲಿನಿಂದ, ಈದಾಗಿನ ಮಾಸು ಮುಟ್ಟುವುದರಿಂದ ಮನುಷ್ಯರಿಗೂ ಅಂಟುತ್ತದೆ. ಕ್ಷಯದ ಚರ್ಮ ಪರೀಕ್ಷೆಯ ಫಲಿತಾಂಶಕ್ಕೆ 72 ಗಂಟೆ ಕಾಯಬೇಕು. ಕಿವಿಯಲ್ಲಿ 12 ಅಂಕಿಯ ಓಲೆ ಇದ್ದರೆ ಕಾಲುಬಾಯಿ ರೋಗದ ಲಸಿಕೆಯ ವಿವರವನ್ನು ಅದರ ಮೂಲಕ ವೈದ್ಯರು ನೋಡಬಲ್ಲರು.

ಮೈಮೇಲಿನ ಕೂದಲ ಸುಳಿಯ ವಿಚಾರವನ್ನೂ ಇಲ್ಲಿ ಹೇಳಬೇಕು. ಸುಳಿ ಹಾಲನ್ನು ಹೆಚ್ಚಿಸುವುದಿಲ್ಲ, ಇಳಿಸುವುದೂ ಇಲ್ಲ. ಆದರೂ ನಮ್ಮ ಭಾಗದಲ್ಲಿ ಮುಂದೆ ನೀವು ಮಾರುವಾಗ ಕೊಳ್ಳುವವರು ಅದನ್ನು ಹುಡುಕುವುದರಿಂದ, ಕೆಟ್ಟ ಸುಳಿ ಎನಿಸಿಕೊಂಡದ್ದು ಇದ್ದರೆ ಬೆಲೆಯಲ್ಲಿ ಅಷ್ಟು ಕಡಿಮೆ ಮಾಡಿಸಿಕೊಳ್ಳುವುದು ನ್ಯಾಯ.

ಈಗ ನಿರ್ಧಾರ. ಹಾಳೆಯಲ್ಲಿ ಬರೆದ ಅಳತೆಗೆ ಎಮ್ಮೆ ಸರಿಹೊಂದಿದ್ದು, ಎರಡು ಹೊತ್ತಿನ ಹಾಲು ಹೇಳಿದಷ್ಟೇ ಬಂದು, ವೈದ್ಯರ ಮಾತೂ ಅನುಕೂಲವಾಗಿದ್ದರೆ, ಅದು ಮೊದಲನೆಯದು ಎಂಬ ಒಂದೇ ಕಾರಣಕ್ಕೆ ಬಿಟ್ಟು ಹೋಗಬೇಡಿ. ಇನ್ನೂ ಮೂರು ನೋಡಿ ಬರುತ್ತೇನೆ ಎಂದು ಹೋದವರು ಮೂರನೆಯದನ್ನು ನೋಡುವ ಹೊತ್ತಿಗೆ ಮೊದಲನೆಯದು ಬೇರೆಯವರ ಕೊಟ್ಟಿಗೆ ಸೇರಿರುತ್ತದೆ. ಅದರಲ್ಲೂ ಮಾಲೀಕರೇ ಮುಂದಾಗಿ ಒಂದು ಕುಂದನ್ನು ತಿಳಿಸಿದರೆ, “ಎಡಕ್ಕ ಕುಂತ್ರ ಒದಿತೈತ್ರಿ ಅಣ್ಣಾರ, ಬಲಕ್ಕ ಕುಂತ್ ಹಿಂಡ್ರಿ” ಎಂದು ಕೇಳದೆಯೇ ಹೇಳಿದರೆ, ಆ ಮನೆಯ ಉಳಿದ ಮಾತುಗಳನ್ನು ನಾನು ಹೆಚ್ಚು ನಂಬುತ್ತೇನೆ.

ಅಳತೆಗೆ ತುಸು ಕಡಿಮೆ ಬಿದ್ದಾಗ ಯಾವ ಕುಂದನ್ನು ಒಪ್ಪಬೇಕು ಎಂಬುದೇ ಕಷ್ಟದ ಭಾಗ. ಮುರಿದ ಕೋಡು, ಬಡಕಲಾದ ಮೈ, ಹೊಸಬರನ್ನು ಕಂಡು ಬೆದರುವ ಸ್ವಭಾವ, ವಯಸ್ಸು ಒಂದು ಸೂಲು ಹೆಚ್ಚಾಗಿರುವುದು, ಇವುಗಳನ್ನು ಬೆಲೆಯಲ್ಲಿ ಸರಿದೂಗಿಸಿಕೊಳ್ಳಬಹುದು. ಗರ್ಭಚೀಲ ಹೊರಬಂದ ಇತಿಹಾಸ, ಪದೇ ಪದೇ ಗಬ್ಬ ನಿಲ್ಲದಿರುವುದು, ಕಂದು ಹಾಕಿದ್ದು, ಕೆಚ್ಚಲಿನ ಒಂದು ಭಾಗ ಕಲ್ಲಾಗಿರುವುದು, ಇವನ್ನು ಯಾವ ಬೆಲೆಗೂ ಒಪ್ಪಬೇಡಿ. ಒಂದು ಮೊಲೆ ಬತ್ತಿದ ಎಮ್ಮೆಯಿಂದಲೂ ಲಾಭ ಮಾಡುವ ಅನುಭವಿಗಳಿದ್ದಾರೆ. ಕಲಘಟಗಿ ಕಡೆಯ ಗೌಳಿಗರ ದಡ್ಡಿಗಳಲ್ಲಿ (ಹಟ್ಟಿಗಳಲ್ಲಿ) ತಲೆಮಾರುಗಳಿಂದ ಎಮ್ಮೆ ಕಟ್ಟಿದ ಮನೆಯವರಿಗೆ ಅದು ಸಾಧ್ಯ, ಮೊದಲ ಎಮ್ಮೆಯ ಮನೆಗೆ ಅದು ಹೊಂದುವುದಿಲ್ಲ.

ಅವಸರ ಪಡಿಸುವವರು ಎದುರಾಗುತ್ತಾರೆ. ಇನ್ನೊಬ್ಬರು ಸಂಚಕಾರ (ಮುಂಗಡ ಹಣ) ಕೊಡಲು ಹೊರಟಿದ್ದಾರೆ, ಸಂಜೆಯೊಳಗೆ ಹೇಳಿ ಎಂದು ದಲಾಲರು ಒತ್ತಾಯಿಸಿದರೆ, ಎರಡು ಹೊತ್ತು ಹಿಂಡಿ ನೋಡುವ ತನಕ ಸಂಚಕಾರ ಕೊಡುವುದಿಲ್ಲ ಎಂದು ಸ್ಪಷ್ಟವಾಗಿ ತಿಳಿಸಿ. ಹಿಂಡಿ ನೋಡಲು ಬಿಡದವರ ಎಮ್ಮೆ ಹೋದರೆ ಹೋಗಲಿ. ಒಪ್ಪಿದ ಮೇಲೆ ಕೊಡುವ ಸಂಚಕಾರಕ್ಕೆ ಚೀಟಿ ಬರೆಸಿ, ಅದರಲ್ಲಿ ಕಿವಿಯೋಲೆಯ ಸಂಖ್ಯೆ, ಸೂಲು, ಎರಡು ಹೊತ್ತಿನ ಹಾಲಿನ ಅಳತೆ, ಪೂರ್ತಿ ಬೆಲೆ, ಮತ್ತು ವೈದ್ಯರ ಪರೀಕ್ಷೆಯಲ್ಲಿ ದೋಷ ಕಂಡರೆ ಹಣ ಮರಳಿಸುವ ಮಾತು ಇರಲಿ. ಸಾಗಣೆಯ ಆಯಾಸಕ್ಕೆ, ಹೊಸ ಜಾಗಕ್ಕೆ, ಹೊಸ ಕೈಗೆ ಹಾಲು ಮೊದಲ ಕೆಲವು ದಿನ ಇಳಿಯುವುದು ಸಹಜವಾದ್ದರಿಂದ, ಹಾಲು ಕಡಿಮೆ ಬಂದರೆ ಮರಳಿ ಒಯ್ಯುವ ಕರಾರನ್ನು ಎರಡು ದಿನಕ್ಕೆ ಮಾಡಿಕೊಳ್ಳದೆ ಹದಿನೈದು ದಿನಕ್ಕೆ ಮಾಡಿಕೊಳ್ಳಿ, ಮತ್ತು ಆ ಮನೆಯಲ್ಲಿ ಅದು ತಿನ್ನುತ್ತಿದ್ದ ಹಿಂಡಿಯನ್ನೇ ಒಂದು ವಾರಕ್ಕೆ ಆಗುವಷ್ಟು ಜೊತೆಗೆ ಕೊಂಡು ಬನ್ನಿ.