ಸೈಕಲ್ ಪಂಕ್ಚರ್ ಆದರೆ ಅಂಗಡಿಗೆ ಓಡಬೇಡಿ, ಮಕ್ಕಳನ್ನು ಕರೆಯಿರಿ

ಮಕ್ಕಳ ಸೈಕಲ್ ಪಂಕ್ಚರ್ ಆದಾಗ ಒಂದು ಸಲ ಮನೆಯಲ್ಲೇ, ಅವರ ಕೈಯಲ್ಲೇ ಹಾಕಿಸಿ ನೋಡಿ. ಬೇಕಾಗುವುದು ಪಂಪು, ಉಪ್ಪು ಕಾಗದ, ತೂತು ಮುಚ್ಚುವ ರಬ್ಬರ್ ಪ್ಯಾಚು, ಅದನ್ನು ಅಂಟಿಸುವ ಸಲ್ಯೂಷನ್, ಒಂದು ಬಕೆಟ್ ನೀರು.

ಟೈರು ಬಿಚ್ಚುವುದು ಮಾತ್ರ ದೊಡ್ಡವರ ಕೆಲಸ. ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ಟ್ಯೂಬಿಗೆ ಇನ್ನೊಂದು ತೂತು ಬೀಳುತ್ತದೆ (ನಾನು ಮಾಡಿಕೊಂಡಿದ್ದೇನೆ). ಹಳೇ ಸ್ಟೀಲ್ ಚಮಚದ ಹಿಡಿ ಸಾಕು.

ಟ್ಯೂಬಿಗೆ ಸ್ವಲ್ಪ ಗಾಳಿ ತುಂಬಿ ಮಗುವಿನ ಕೈಗೆ ಕೊಡಿ. ನೀರಿನಲ್ಲಿ ಮುಳುಗಿಸಿ ನಿಧಾನಕ್ಕೆ ತಿರುಗಿಸುತ್ತಾ ಹೋಗಲಿ. ಗುಳ್ಳೆ ಸಾಲಾಗಿ ಎದ್ದ ಜಾಗವೇ ತೂತು. ನಿಮಗೆ ಮೊದಲೇ ಕಂಡರೂ ಸುಮ್ನಿರಿ. ನನ್ನ ಮಗಳು ಮೊದಲ ಸಲ "ಸಿಕ್ತು!" ಅಂತ ಕೂಗಿದ ರಭಸಕ್ಕೆ ಅರ್ಧ ಬಕೆಟ್ ನೀರು ನನ್ನ ಮೇಲೆ.

ಆ ಜಾಗವನ್ನು ಒರೆಸಿ, ಪೆನ್ನಿನಲ್ಲಿ ಗುರುತು ಹಾಕಿ, ಉಪ್ಪು ಕಾಗದದಲ್ಲಿ ಉಜ್ಜಿಸಿ. ಹೊಳಪು ಹೋಗಿ ಮಂಕಾಗಬೇಕು. ಸಲ್ಯೂಷನ್ ತೆಳ್ಳಗೆ ಸವರಿದ ಮೇಲೆ ಐದು ನಿಮಿಷ ಕಾಯಬೇಕು. ಮಕ್ಕಳಿಗೆ ಕಷ್ಟ ಇದೇ ನೋಡಿ. ಹಸಿ ಇರುವಾಗಲೇ ಪ್ಯಾಚ್ ಒತ್ತಿದರೆ ಜಾರಿ ಎದ್ದು ಬರುತ್ತದೆ. ಒಮ್ಮೆ ಹಾಗಾಗಲಿ ಬಿಡಿ, ಎರಡನೇ ಸಲ ತಾವೇ ಗಡಿಯಾರ ನೋಡುತ್ತಾರೆ. ಸಲ್ಯೂಷನ್ ವಾಸನೆ ಜಾಸ್ತಿ, ಅಂಗಳದಲ್ಲೇ ಕೂತು ಹಚ್ಚಿ. ಮುಗಿದ ತಕ್ಷಣ ಮುಚ್ಚಿ ಎತ್ತಿಡಿ.

ಟ್ಯೂಬ್ ವಾಪಸ್ ಹಾಕುವ ಮುಂಚೆ ಟೈರಿನ ಒಳಗೆಲ್ಲ ಹಳೇ ಬಟ್ಟೆ ಆಡಿಸಿ. ಮುಳ್ಳು ಇದ್ದರೆ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಬರಿ ಬೆರಳು ಬೇಡ. ನಮಗೆ ಸಿಕ್ಕಿದ್ದು ಜಾಲಿ ಮುಳ್ಳು. ಮಗಳು ಅದನ್ನು ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡು ಬಂದವರಿಗೆಲ್ಲ ತೋರಿಸುತ್ತಿದ್ದಾಳೆ.