ನಿಮ್ಮೂರ ಹಳ್ಳಕ್ಕೆ ನಂಬರ್ ಹಾಕುವುದು ಹೇಗೆ?

ಹಾವೇರಿ ಜಿಲ್ಲೆಯ ದುಂಡಶಿ ಕಡೆ ಹುಟ್ಟುವ ಬೆಣ್ಣಿಹಳ್ಳ ಹುಬ್ಬಳ್ಳಿ, ನವಲಗುಂದ ಸೀಮೆ ದಾಟಿ ಮಲಪ್ರಭೆ ಸೇರುತ್ತದೆ. ಅದು ಉಕ್ಕಿದಾಗ ಎಲ್ಲರ ಕಣ್ಣೂ ಅದರ ಮೇಲೆ. ಅದಕ್ಕೆ ನೀರು ತಂದು ಸುರಿಯುವ ಹೆಸರಿಲ್ಲದ ಸರುವುಗಳನ್ನು, ಅಂದರೆ ಸಣ್ಣ ತೊರೆಗಳನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೊಲ ಸಮ ಮಾಡುವಾಗ ಮೊದಲು ಮುಚ್ಚಿಹೋಗುವುದೂ ಅವೇ.

ಅವನ್ನು ಲೆಕ್ಕಕ್ಕೆ ತರಲು ಒಂದೊಂದಕ್ಕೂ ನಂಬರ್ ಹಾಕೋಣ. ಮೊದಲು ನಕಾಶೆ ಹೊಂದಿಸಿಕೊಳ್ಳಿ. ಗ್ರಾಮನಕಾಶೆ ಭೂಮಾಪನ ಇಲಾಖೆಯ ಜಾಲತಾಣದಲ್ಲಿ ಸಿಗುತ್ತದೆ. ಅದು ಊರ ಗಡಿಗೆ ನಿಂತುಬಿಡುತ್ತದೆ, ಹಳ್ಳ ನಿಲ್ಲುವುದಿಲ್ಲ ಅಲ್ವಾ? ಹಾಗಾಗಿ ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ಟೋಪೋಶೀಟೂ (ನೆಲದ ಏರಿಳಿತ, ಹಳ್ಳಕೊಳ್ಳ ತೋರಿಸುವ ನಕಾಶೆ) ಬೇಕು.

ನೀರು ಯಾವ ಕಡೆ ಇಳಿಯುತ್ತದೆ ನೋಡಿ. ಧಾರವಾಡದವರು ಇದನ್ನು ಮರೆಯಬಾರದು. ಅಲ್ಲೇ ಹುಟ್ಟುವ ಶಾಲ್ಮಲೆ ಬೇಡ್ತಿ ಸೇರಿ ಅರಬ್ಬಿ ಸಮುದ್ರಕ್ಕೆ ಹೋಗುತ್ತಾಳೆ. ತುಪ್ಪರಿಹಳ್ಳ ಬೆಣ್ಣಿಹಳ್ಳ ಹಿಡಿದು ಕೃಷ್ಣೆಯ ದಾರಿಗೆ ಬೀಳುತ್ತದೆ.

ಈಗ ಪೆನ್ಸಿಲ್ ಹಿಡಿದು ಮೇಲಿಂದ ಕೆಳಗೆ ಬನ್ನಿ. ಬೇರೆ ಹಳ್ಳ ಬಂದು ಕೂಡದ ತುದಿಯ ಸರುವಿಗೆ 1 ಬರೆಯಿರಿ. ಎರಡು 1 ಕೂಡಿದಲ್ಲಿಂದ 2. ಎರಡು 2 ಕೂಡಿದರೆ 3. ಎಡವುವುದು ಮುಂದಿನದರಲ್ಲಿ: 2ಕ್ಕೆ 1 ಸೇರಿದರೆ 3 ಆಗದು, ಅದು 2 ಆಗಿಯೇ ಉಳಿಯುತ್ತದೆ. ಅಮೆರಿಕದ ಭೂವಿಜ್ಞಾನಿ ಆರ್ಥರ್ ಸ್ಟ್ರಾಲರ್ 1950ರ ದಶಕದಲ್ಲಿ ರೂಢಿಗೆ ತಂದ ಲೆಕ್ಕ ಇದು.

ನಂಬರ್ ಅಷ್ಟಕ್ಕೇ ಸಾಲದು, ನೀರು ಎಷ್ಟು ದಿನ ಹರಿಯುತ್ತದೆ ಅನ್ನುವುದೂ ಬೇಕು. ಮಳೆ ಬಿದ್ದಾಗ ಮಾತ್ರವೋ, ಮಳೆಗಾಲ ಮುಗಿದ ಮೇಲೂ ಕೆಲವು ತಿಂಗಳೋ, ವರ್ಷವಿಡೀಯೋ? ಕುರಿ ಕಾಯುವವರನ್ನು ಕೇಳಿ, ಬೇಸಿಗೆಯಲ್ಲಿ ಒರತೆ ಎಲ್ಲಿದೆ ಅಂತ ಅವರಿಗೆ ಗೊತ್ತು. ಏಪ್ರಿಲ್‌ನಲ್ಲಿ ಒಣಗಿದ ಹಳ್ಳ ನೋಡಿ 'ಸತ್ತುಹೋಗಿದೆ' ಅಂತ ಬರೆಯಬೇಡಿ. ನಮ್ಮದು ಎರೆ ಭೂಮಿ. ಮೊದಲ ಮಳೆ ಬಿರುಕಿಗೆ ಇಳಿಯುತ್ತದೆ. ಆಮೇಲೆ ಮಣ್ಣು ಉಬ್ಬಿ ಬಿರುಕು ಮುಚ್ಚುತ್ತದೆ, ನೀರು ಒಳಗಿಳಿಯದೆ ಸರುವಿನ ಕಡೆ ಓಡುತ್ತದೆ. ಸುಮ್ನೆ ಕಾಣುವ ತಗ್ಗು ಒಂದೇ ಸಂಜೆಗೆ ಎದೆಮಟ್ಟ ಹರಿಯುವುದು ಹೀಗೆ.

ಕೊನೆಗೆ ದಾಖಲೆ. ಕರ್ನಾಟಕ ಭೂಕಂದಾಯ ಕಾಯ್ದೆ 1964ರ 67ನೇ ಕಲಂ ಪ್ರಕಾರ, ಬೇರೆಯವರ ಹಕ್ಕು ಸಾಬೀತಾಗದ ಹಳ್ಳದ ಪಾತ್ರ ಸರ್ಕಾರದ್ದು. ಪಹಣಿಯಲ್ಲಿ 'ಬ ಖರಾಬು', ಅಂದರೆ ಹಳ್ಳ, ದಾರಿಯಂಥ ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ, ಹುಡುಕಿ. ನಿಂತ ಜಾಗದ ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್ ತೆರೆದು ಅಲ್ಲೇ ನಿಂತು ತಾಳೆ ನೋಡಿ. ಪಾತ್ರ ಕಿರಿದಾಗಿದ್ದರೆ ಅಳತೆ ಕೋರಿ ತಹಶೀಲ್ದಾರರಿಗೆ ಅರ್ಜಿ ಕೊಡಿ.

ಹೂಳೆತ್ತುವ ನೆಪದಲ್ಲಿ ಹಳ್ಳವನ್ನು ನೆಟ್ಟಗೆ ಮಾಡುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಬಾಗು ಹೋದರೆ ವೇಗ ಜಾಸ್ತಿ, ಕೆಳಗಿನ ಊರಿಗೆ ನೆರೆ ಬೇಗ. ಗ್ರಾಮಸಭೆಗೆ ನಕಾಶೆ ಒಯ್ಯುವಾಗ 1ನೇ ನಂಬರಿನವುಗಳಿಗೆ ಕೆಂಪು ಬಣ್ಣ ಹಚ್ಚಿ, ಅವುಗಳ ಚರ್ಚೆಯನ್ನೇ ಮೊದಲು ಎತ್ತಿ.